ಹಳದಿ ಪೆನ್‌ಡ್ರೈವ್

ಐದು ವರ್ಷ ನನ್ನ ಹೆಸರು ರಬ್ಬರ್. ಎದುರಿಗೆ ಹಾಗೆ ಕರೆದವರು ಕಡಿಮೆ, ಬೆನ್ನ ಹಿಂದೆ ಇಡೀ ಮೂಳೆ ಆಸ್ಪತ್ರೆಯೇ ಕರೆಯಿತು. ಆ ಹೆಸರಿಟ್ಟವನು ಬೇರೆ ಯಾರೂ ಅಲ್ಲ, ನನ್ನ ಸ್ವಂತ ಅಕ್ಕನ ಗಂಡ. ಎದುರಿಗೆ ಸಿಕ್ಕರೆ ನಾನು ಅವನನ್ನು ಭಾವ ಎನ್ನುತ್ತೇನೆ, ನೀವು ಎನ್ನುತ್ತೇನೆ, ಮರ್ಯಾದೆಗೆ ಒಂದಿಷ್ಟೂ ಕೊರತೆ ಮಾಡುವುದಿಲ್ಲ. ಇಲ್ಲಿ ಕಥೆ ಹೇಳುತ್ತಿರುವವಳು ನಾನು, ಆದ್ದರಿಂದ ಅವನು ಏಕವಚನದಲ್ಲೇ ಬಿದ್ದಿರಲಿ.

ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಅವನು ಮುಖ್ಯಸ್ಥ, ನಾನು ಕೈಕೆಲಸದವಳು. ತಂತಿ ಎಳೆಯುವುದು, ಧೂಳು ಹೊಡೆಯುವುದು, ಕೆಟ್ಟ ಡಿಸ್ಕ್ ಬದಲಿಸುವುದು ನನ್ನ ಪಾಲು. ಸಭೆಯಲ್ಲಿ ಕೂತು ತಲೆಯಾಡಿಸುವುದು ಅವನ ಪಾಲು. ಅಕ್ಕ ಅದೇ ಆಸ್ಪತ್ರೆಯ ಎಕ್ಸ್-ರೇ ಕೋಣೆಯನ್ನು ನೋಡಿಕೊಳ್ಳುತ್ತಿದ್ದಳು, ಈಗಲೂ ನೋಡಿಕೊಳ್ಳುತ್ತಾಳೆ. ಮೂವರೂ ಬೆಳಗ್ಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅಕ್ಕನ ಡಬ್ಬಿಯ ಊಟದಲ್ಲಿ ಅರ್ಧ ನನ್ನ ಹೊಟ್ಟೆಗೇ ಹೋಗುತ್ತಿತ್ತು.

ಆಗ ಆಸ್ಪತ್ರೆಗೆ ಒಂದು ದೊಡ್ಡ ಸರ್ವರ್ ಬಂತು. ಅಲ್ಲಿಯವರೆಗೆ ಎಕ್ಸ್-ರೇ ಕೋಣೆಗೆ ಒಂದು ಕಂಪ್ಯೂಟರ್, ಔಷಧದ ಅಂಗಡಿಗೆ ಒಂದು, ರೋಗಿಗಳ ಹೆಸರು ಬರೆಯುವ ಕೌಂಟರಿಗೆ ಒಂದು ಎಂದು ಬೇರೆಬೇರೆ ಇದ್ದವು. ಇನ್ನು ಮೇಲೆ ಒಂದೇ ಕಬ್ಬಿಣದ ಪೆಟ್ಟಿಗೆಯೊಳಗೆ ಅಷ್ಟೂ ಕಂಪ್ಯೂಟರುಗಳು. ಒಂದೇ ಸೂರಿನಡಿ ಬೇರೆಬೇರೆ ಒಲೆ ಹೂಡಿಕೊಂಡ ಅಣ್ಣತಮ್ಮಂದಿರ ಹಾಗೆ, ಯಾರ ಮಾತು ಯಾರಿಗೂ ಕೇಳಿಸದಂತೆ. ಇದಕ್ಕೆ ವರ್ಚುವಲೈಸೇಶನ್ ಎಂದು ಉದ್ದನೆಯ ಹೆಸರಿದೆ. ಆ ವ್ಯವಸ್ಥೆಯನ್ನು ಪೆಟ್ಟಿಗೆಗೆ ಇಳಿಸುವುದು ಪೆನ್‌ಡ್ರೈವ್‌ನಿಂದ. ಪೆನ್‌ಡ್ರೈವ್ ಸಿಕ್ಕಿಸಿ ಚಾಲೂ ಮಾಡಿದರೆ ಪರದೆಯ ಮೇಲೆ ಒಂದೊಂದಾಗಿ ಪ್ರಶ್ನೆಗಳು ಬರುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಒಂದೇ. ಯಾವ ಡಿಸ್ಕಿನ ಮೇಲೆ ಕೂರಲಿ, ಅದರ ಮೇಲಿರುವುದೆಲ್ಲ ಅಳಿಸಿಹೋಗುತ್ತದೆ, ಆಗಬಹುದಾ ಎಂದು ಅದು ಕೇಳುತ್ತದೆ.

ಈ ಪ್ರಶ್ನೆಗೆ ನನಗೆ ಮೊದಲಿನಿಂದಲೂ ಹೆದರಿಕೆ. ಹಾಗಾಗಿ ನನ್ನದೊಂದು ಪದ್ಧತಿ ಇತ್ತು. ಪೆನ್‌ಡ್ರೈವ್ ಸಿಕ್ಕಿಸುವ ಮೊದಲು, ಉಳಿಯಬೇಕಾದ ಡಿಸ್ಕುಗಳನ್ನೆಲ್ಲ ಕೈಯಾರೆ ಹೊರಗೆಳೆದು, ಯಾವುದು ಯಾವ ಗೂಡಿನದೆಂದು ಬಣ್ಣದ ದಾರ ಕಟ್ಟಿ, ಟವೆಲ್ಲಿನಲ್ಲಿ ಸುತ್ತಿ ಮೇಜಿನ ಮೇಲಿಡುತ್ತಿದ್ದೆ. ಒಳಗೆ ಇಲ್ಲದ್ದನ್ನು ಯಾವ ಯಂತ್ರವೂ ಅಳಿಸಲಾರದು. ಕೂಸಿಗೆ ಸ್ನಾನ ಮಾಡಿಸಿ ಮಲಗಿಸಿದ ಹಾಗೆ ಮಾಡ್ತೀಯಲ್ಲ ಎಂದು ಭಾವ ನಗುತ್ತಿದ್ದ. ನಾನೂ ನಗುತ್ತಿದ್ದೆ, ಆದರೆ ದಾರ ಕಟ್ಟುವುದನ್ನು ಬಿಡುತ್ತಿರಲಿಲ್ಲ.

ಬಿಟ್ಟಿದ್ದು ಒಂದೇ ಒಂದು ಸಲ. ಆ ದಿನ ಭಾವನಿಗೆ ಅವಸರ. ಮಧ್ಯಾಹ್ನದ ಸಭೆಯಲ್ಲಿ ಹೊಸ ಸರ್ವರ್ ಓಡುತ್ತಿದೆ ಎಂದು ಹೇಳಿ ಬೆನ್ನು ತಟ್ಟಿಸಿಕೊಳ್ಳಬೇಕಿತ್ತು. ನಾನು ಡಿಸ್ಕುಗಳಿಗೆ ಕೈ ಹಾಕಿದ್ದೇ ತಡ, ಅಜ್ಜಿ ಕಾಲದ ಭಯ ಬಿಡು, ಅಷ್ಟು ಹೊತ್ತು ಯಾರ ಹತ್ತಿರ ಇದೆ ಎಂದು ಗದರಿಸಿದ. ಜೇಬಿನಿಂದ ಒಂದು ಹಳದಿ ಪೆನ್‌ಡ್ರೈವ್ ತೆಗೆದುಕೊಟ್ಟ. ಅದರ ಮೈ ಬಿರಿದು, ಸುತ್ತ ಕಪ್ಪು ಟೇಪು ಸುತ್ತಿತ್ತು. ಸಿಕ್ಕಿಸಿ ಚಾಲೂ ಮಾಡು, ಅದು ಕೇಳುತ್ತೆ, ಕೇಳಿದಾಗ ಹೊಸ ಸಣ್ಣ ಡಿಸ್ಕ್ ತೋರಿಸು, ಅಷ್ಟೇ ಎಂದ. ಅವನು ಹಿರಿಯ, ಮೇಲಾಗಿ ಅಕ್ಕನ ಗಂಡ. ನಾನು ದಾರದ ಉಂಡೆಯನ್ನು ಚೀಲಕ್ಕೆ ಹಾಕಿಕೊಂಡೆ. ಆ ತಪ್ಪು ನನ್ನದೇ, ಅದನ್ನು ನಾನು ಇವತ್ತಿಗೂ ಯಾರ ತಲೆಗೂ ಕಟ್ಟುವುದಿಲ್ಲ.

ದೊಡ್ಡ ಸರ್ವರ್ ಎಚ್ಚರವಾಗಲು ಏಳೆಂಟು ನಿಮಿಷ ಬೇಕು. ಮೊದಲ ಪ್ರಶ್ನೆ ಬರುವುದರೊಳಗೆ ಒಂದು ಕೇಬಲ್ ತರೋಣವೆಂದು ಉಗ್ರಾಣಕ್ಕೆ ಹೋದೆ. ವಾಪಸ್ಸು ಬಂದಾಗ ಪರದೆಯ ಮೇಲೆ ಪ್ರಶ್ನೆ ಇರಲಿಲ್ಲ. ಶೇಕಡಾ ಅರವತ್ತು ಮುಗಿದಿದೆ ಎಂಬ ಪಟ್ಟಿ ಓಡುತ್ತಿತ್ತು. ಯಂತ್ರ ಯಾರನ್ನೂ ಒಂದು ಮಾತು ಕೇಳದೆ ಮೊದಲ ಗೂಡಿನ ಡಿಸ್ಕಿನ ಮೇಲೆ ಕೂತುಬಿಟ್ಟಿತ್ತು. ಹಳೆ ಕಂಪ್ಯೂಟರಿನಿಂದ ತಂದು ಆ ಗೂಡಿಗೆ ಹಾಕಿದ್ದದ್ದು ಅಕ್ಕನ ಕೋಣೆಯ ಎಕ್ಸ್-ರೇಗಳ ಡಿಸ್ಕ್.

ನಾನು ಅಳುತ್ತ ಒಂದೇ ಮಾತು ಹೇಳಿದೆ. ಅದು ಕೇಳಲಿಲ್ಲ. ಭಾವ ಎಲ್ಲರೆದುರು ನಕ್ಕ. ಜಗತ್ತಿನಲ್ಲಿ ಕೇಳದೆ ಅಳಿಸುವ ಪೆನ್‌ಡ್ರೈವ್ ಯಾವುದಿದೆ, ಇವಳು ಯಾವುದೋ ಗುಂಗಿನಲ್ಲಿ ಹೂಂ ಒತ್ತಿದ್ದಾಳೆ ಎಂದ. ಹಾಗೆನ್ನುತ್ತಲೇ ಪೆನ್‌ಡ್ರೈವ್ ಕಿತ್ತು ಜೇಬಿಗಿಳಿಸಿದ. ಡಿಸ್ಕಿನಲ್ಲಿರುವುದರ ಇನ್ನೊಂದು ಪ್ರತಿ ತೆಗೆದಿಡುವುದು ಅವನ ಕೆಲಸವಾಗಿತ್ತು, ಎಂಟು ತಿಂಗಳಿಂದ ತೆಗೆದಿರಲಿಲ್ಲ. ನನ್ನ ಮೇಲೆ ಎದ್ದ ಗದ್ದಲದಲ್ಲಿ ಆ ವಿಷಯ ಯಾರಿಗೂ ಕೇಳಿಸಲಿಲ್ಲ. ನನ್ನ ತಲೆಯ ಮೇಲೆ ಗೂಬೆ ಕೂರಿಸಿ, ನನ್ನ ಕೈಯಲ್ಲೇ ತಪ್ಪೊಪ್ಪಿಗೆ ಬರೆಸಿ, ನನ್ನನ್ನು ಮನೆಗೆ ಕಳಿಸಿದರು.

ಕೆಲಸ ಹೋಗಿದ್ದಕ್ಕೆ ನಾನು ಒಂದು ವಾರ ಅತ್ತೆ, ಆಮೇಲೆ ಸುಮ್ಮನಾದೆ. ಸುಮ್ಮನಾಗಲು ಆಗದೆ ಹೋದದ್ದು ಅಕ್ಕನ ವಿಷಯ. ಎಂಟು ತಿಂಗಳ ರೋಗಿಗಳಿಗೆ ಅವಳೇ ಒಬ್ಬೊಬ್ಬರಿಗೂ ಫೋನು ಮಾಡಿ, ಇನ್ನೊಮ್ಮೆ ಬನ್ನಿ, ಚಿತ್ರ ಕಳೆದುಹೋಗಿದೆ ಎಂದು ಹೇಳಬೇಕಾಯಿತು. ಒಬ್ಬ ಮುದುಕ, ಮುರಿದ ಕಾಲು ಈಗ ಕೂಡಿಕೊಂಡಿದೆಯಲ್ಲಮ್ಮ, ನಿನಗೆ ಚಿತ್ರ ಬೇಕು ಅಂತ ಮತ್ತೆ ಮುರ್ಕೊಳ್ಳಲಾ ಎಂದು ಕೇಳಿದನಂತೆ. ಅದನ್ನು ಕೇಳಿ ನಮ್ಮಮ್ಮ ನಕ್ಕಳು. ಅಕ್ಕ ನಗಲಿಲ್ಲ. ಅಂದಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು. ತಪ್ಪು ಮಾಡಿದ್ದಕ್ಕಲ್ಲ, ತಪ್ಪು ಮಾಡಿ ಯಂತ್ರದ ಮೇಲೆ ಹಾಕಿದಳಲ್ಲ, ಆ ಸುಳ್ಳಿಗೆ ಎಂದು ಅಮ್ಮನ ಬಾಯಲ್ಲಿ ಹೇಳಿ ಕಳಿಸಿದಳು. ಐದು ವರ್ಷ ಹಬ್ಬಹುಣ್ಣಿಮೆಗೆ ನಾನು ಅವರ ಮನೆಗೆ ಹೋದಾಗೆಲ್ಲ ಒಂದೇ ಮೇಜಿನಲ್ಲಿ ಕೂತು ಉಂಡೆವು. ಉಪ್ಪು ಬೇಕಾದರೂ ಅವಳು ಅಮ್ಮನನ್ನು ಕೇಳುತ್ತಿದ್ದಳು, ಉಪ್ಪು ನನ್ನ ಮುಂದಿದ್ದರೂ. ಭಾವ ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತ, ಮನೆಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ, ನಮ್ಮ ರಬ್ಬರ್ ಇದಾಳೆ, ಫೋನು ಗೀನು ಹುಷಾರು ಎಂದು ನಗಿಸುತ್ತಿದ್ದ.

ನಾನು ದರ್ಜಿಯ ಅಂಗಡಿಗೂ ಬೀಗದ ಕೈ ಮಾಡುವವನ ಅಂಗಡಿಗೂ ನಡುವೆ ಒಂದು ಕಿರಿದಾದ ಮಳಿಗೆ ಹಿಡಿದು, ಕಂಪ್ಯೂಟರ್ ರಿಪೇರಿ ಮಾಡಿಕೊಂಡು ಬದುಕಿದೆ. ಅಲ್ಲಿ ಕೂತು ಓದುತ್ತ ಓದುತ್ತ ನನಗೊಂದು ವಿಷಯ ತಿಳಿಯಿತು. ಕೇಳದೆ ಅಳಿಸುವ ಪೆನ್‌ಡ್ರೈವ್ ಇದೆ. ಹತ್ತಾರು ಪೆಟ್ಟಿಗೆಗಳಿಗೆ ಒಂದೇ ವ್ಯವಸ್ಥೆ ಇಳಿಸುವವರು, ಪ್ರತಿ ಸಲ ಪ್ರಶ್ನೆಗೆ ಉತ್ತರ ಒತ್ತುವುದು ಬೇಸರವೆಂದು, ಉತ್ತರಗಳನ್ನೆಲ್ಲ ಮೊದಲೇ ಒಂದು ಕಡತದಲ್ಲಿ ಬರೆದು ಅದೇ ಪೆನ್‌ಡ್ರೈವ್‌ನಲ್ಲಿ ಇಟ್ಟುಬಿಡುತ್ತಾರೆ. ಆಗ ಯಂತ್ರ ಯಾರನ್ನೂ ಕೇಳುವುದಿಲ್ಲ, ಕಡತವನ್ನು ನೋಡಿಕೊಂಡು ತನ್ನಷ್ಟಕ್ಕೆ ಕೆಲಸ ಮುಗಿಸುತ್ತದೆ. ಆದರೆ ಓದಿದ್ದನ್ನು ತೋರಿಸಿದರೆ ಯಾರು ನಂಬುತ್ತಾರೆ? ಆ ಪೆನ್‌ಡ್ರೈವ್ ಎಲ್ಲಿ?

ಅದನ್ನು ತಂದುಕೊಟ್ಟವಳು ಅಮ್ಮ. ಅವಳಿರುವುದು ಅಕ್ಕನ ಮನೆಯಲ್ಲಿ. ಒಂದು ದಿನ ಬೆಳಗ್ಗೆ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು, ಮಂಡಿನೋವು, ಬಸ್ಸಿನ ಕಂಡಕ್ಟರ್, ಪಕ್ಕದ ಮನೆಯ ನಾಯಿ, ಎಲ್ಲ ಮುಗಿದ ಮೇಲೆ ಸೆರಗಿನ ಗಂಟು ಬಿಚ್ಚಿದಳು. ಗುಂಡಿ, ಸೂಜಿ ಇಡುವ ಅವಳ ಹೊಲಿಗೆ ಡಬ್ಬಿಯ ತಳದಲ್ಲಿ ಸಿಕ್ಕಿತಂತೆ. ಅಳಿಯನ ಹಳೆ ಪ್ಯಾಂಟಿನ ಜೇಬು ಹೊಲಿಯುವಾಗ ಯಾವ ಕಾಲದಲ್ಲೋ ತೆಗೆದಿಟ್ಟದ್ದಂತೆ. ಅಡುಗೆಮನೆಯ ರೇಡಿಯೋಗೆ ಸಿಕ್ಕಿಸಲು ಇದರಲ್ಲಿ ನಾಲ್ಕು ಹಳೆ ಹಾಡು ತುಂಬಿಸಿಕೊಡು ಎಂದಳು. ನಾನು ಅಂಗೈ ನೋಡಿದೆ. ಹಳದಿ ಮೈ, ಬಿರುಕು, ಕಪ್ಪು ಟೇಪು. ಅಮ್ಮನಿಗೆ ಬೇರೆ ಪೆನ್‌ಡ್ರೈವ್‌ನಲ್ಲಿ ನಲವತ್ತು ಹಾಡು ತುಂಬಿಸಿ ಕಳಿಸಿದೆ.

ಅವಳು ಹೋದ ಮೇಲೆ ಬಾಗಿಲು ಅರ್ಧ ಎಳೆದು, ಹಳದಿಯನ್ನು ತೆರೆದು ನೋಡಿದೆ. ಉತ್ತರದ ಕಡತ ಅಲ್ಲೇ ಇತ್ತು. ಮೇಲ್ಗಡೆ ಭಾವನ ಹೆಸರಿನ ಮೊದಲಕ್ಷರಗಳು. ಕಡತ ಬರೆದದ್ದು, ಎಕ್ಸ್-ರೇಗಳು ಅಳಿಸಿಹೋದ ದಿನಕ್ಕೆ ಎರಡು ದಿನ ಮುಂಚೆ. ಒಳಗಿದ್ದುದರ ಸಾರ ಇಷ್ಟೇ: ಕೇಳಬೇಡ, ಮೊದಲ ಡಿಸ್ಕ್ ಹಿಡಿ, ಅದರಲ್ಲಿ ಏನಿದ್ದರೂ ಅಳಿಸು. ಖಾಲಿ ಪೆಟ್ಟಿಗೆಯ ಮೇಲೆ ಎಲ್ಲೋ ಪ್ರಯೋಗ ಮಾಡಲು ಬರೆದುಕೊಂಡು, ಸೋಮಾರಿ, ಅದನ್ನೇ ತಂದು ನನ್ನ ಕೈಗೆ ಕೊಟ್ಟಿದ್ದ. ಕೊಡುವಾಗ ಮರೆತಿದ್ದನೇನೋ, ಅಷ್ಟನ್ನು ಬೇಕಾದರೆ ಒಪ್ಪುತ್ತೇನೆ. ನಾನು ಅತ್ತು ಹೇಳುತ್ತಿದ್ದಾಗ ಅವನಿಗೆ ಖಂಡಿತ ನೆನಪಿತ್ತು. ಇಲ್ಲದಿದ್ದರೆ ಅಷ್ಟು ಬೇಗ ಜೇಬಿಗೆ ಇಳಿಸುತ್ತಿರಲಿಲ್ಲ.

ಆ ಕ್ಷಣವೇ ಅಕ್ಕನ ಮನೆಗೆ ಓಡೋಣ ಎನ್ನಿಸಿತು. ಎದ್ದವಳು ಮತ್ತೆ ಕೂತೆ. ಇಂಥ ಕಡತವನ್ನು ನಾನೇ ಬರೆಯಬಲ್ಲೆ, ದಿನಾಂಕವನ್ನೂ ಹಿಂದಕ್ಕೆ ಹಾಕಬಲ್ಲೆ. ಮೊದಲಿಗೆ ಅವನು ಹೇಳುವುದೇ ಅದು, ಅಕ್ಕ ನಂಬುವುದೂ ಅದನ್ನೇ. ಕಾಗದದ ಸಾಕ್ಷಿ ಸಾಲದು, ಅವನ ಮುಖವೇ ಸಾಕ್ಷಿ ಹೇಳಬೇಕು. ಹಳದಿಯನ್ನು ಗಲ್ಲಾಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು, ಕೊಕ್ಕರೆಯ ಹಾಗೆ ಕಾದು ಕೂತೆ.

ಕಾಯುವವರಿಗೆ ಮೀನು ತಾನಾಗಿ ಬರುತ್ತದೆ. ಮೂರನೇ ವಾರ ಭಾವನೇ ಫೋನು ಮಾಡಿದ. ಹಳೆ ಸರ್ವರಿಗೆ ವಯಸ್ಸಾಗಿದೆ, ಹೊಸದು ಬಂದಿದೆ, ನನ್ನ ಜಾಗಕ್ಕೆ ಬಂದಿದ್ದವನು ಕೆಲಸ ಬಿಟ್ಟು ಹೋಗಿದ್ದಾನೆ, ಹೊರಗಿನ ಕಂಪನಿಯವರು ಎರಡು ತಿಂಗಳು ಆಗಲ್ಲ ಅನ್ನುತ್ತಿದ್ದಾರೆ. ಹಳೆಯದೆಲ್ಲ ಮರೆತು ಒಂದು ಭಾನುವಾರ ಬಂದು ಇಳಿಸಿಕೊಡು, ಹೊಸ ದೊಡ್ಡ ಡಾಕ್ಟರಮ್ಮನಿಗೆ ನಿನ್ನ ಪರವಾಗಿ ನಾನೇ ಮಾತಾಡಿದ್ದೇನೆ ಎಂದ. ಎಂಥ ಉಪಕಾರ! ಏನಾದರೂ ಎಡವಟ್ಟಾದರೆ ಗೂಬೆ ಕೂರಿಸಲು ಅವನಿಗೆ ಅಳತೆಗೆ ಸರಿಯಾದ ತಲೆ ಬೇಕಿತ್ತು, ಅದು ನನ್ನದು. ಆಗಲಿ ಭಾವ ಎಂದೆ, ತುಂಬಾ ಸಂತೋಷ ಎಂದೆ.

ಅಕ್ಕ ಒಂದು ಷರತ್ತು ಹಾಕಿದ್ದಾಳೆ ಎಂದೂ ಅವನೇ ತಿಳಿಸಿದ. ರಬ್ಬರ್ ಬರುವುದಾದರೆ ಎಕ್ಸ್-ರೇ ಡಿಸ್ಕುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಲು ತಾನು ಮೊದಲಿನಿಂದ ಕೊನೆಯವರೆಗೂ ಅದೇ ಕೋಣೆಯಲ್ಲಿ ಕೂರುತ್ತೇನೆ ಎಂದಳಂತೆ. ಫೋನಿಟ್ಟು ನಾನು ಒಬ್ಬಳೇ ನಕ್ಕೆ. ಇದಕ್ಕಿಂತ ಹೆಚ್ಚಿನದನ್ನು ನಾನು ಬೇಡಿಕೊಂಡಿರಲಿಲ್ಲ.

ಭಾನುವಾರ ಹೊರರೋಗಿಗಳಿಗೆ ರಜೆ. ಬೆಳಗ್ಗೆ ಒಂಬತ್ತಕ್ಕೆ ಸರ್ವರ್ ಕೋಣೆಗೆ ಹೋದೆ. ಕಿಟಕಿಯಿಲ್ಲದ ಅದೇ ಸಣ್ಣ ಕೋಣೆ, ಹಲ್ಲು ಕಟಕಟ ಎನ್ನುವಷ್ಟು ಚಳಿ, ಮೂರು ಗಾಲಿಯ ಅದೇ ಕುರ್ಚಿ. ಐದು ವರ್ಷದಲ್ಲಿ ನಾಲ್ಕನೆಯ ಗಾಲಿ ಹಾಕಿಸುವ ಯೋಗ್ಯತೆಯೂ ಅವನಿಗೆ ಇರಲಿಲ್ಲ. ಮೊದಲು, ಕೊನೆಯ ಸಲ ಪ್ರತಿ ತೆಗೆದದ್ದು ಯಾವಾಗ ಎಂದು ನೋಡಿದೆ. ನಾಲ್ಕು ತಿಂಗಳಾಗಿತ್ತು. ನಾಯಿ ಬಾಲ ಡೊಂಕೇ ಎಂದುಕೊಂಡೆ. ಆಮೇಲೆ ಹಳೆ ಪೆಟ್ಟಿಗೆ ಆರಿಸಿ, ಎಕ್ಸ್-ರೇಗಳಿದ್ದ ನಾಲ್ಕೂ ಡಿಸ್ಕುಗಳನ್ನು ಹೊರಗೆ ತೆಗೆದೆ.

ಅಷ್ಟರಲ್ಲಿ ಅಕ್ಕ ಬಂದಳು. ತುರ್ತು ವಿಭಾಗದಲ್ಲಿ ಯಾರದೋ ಮಣಿಕಟ್ಟಿನ ಎಕ್ಸ್-ರೇ ತೆಗೆದು ಹಾಗೇ ಬಂದಿದ್ದಳು, ಮೈಮೇಲೆ ಇನ್ನೂ ಸೀಸದ ಏಪ್ರನ್ ಇತ್ತು. ನನ್ನ ಕಡೆ ನೋಡದೆ ಮೂಲೆಯ ಕುರ್ಚಿಯಲ್ಲಿ ಕೂತಳು. ನಾನು ಒಂದೊಂದು ಡಿಸ್ಕಿಗೂ ದಾರ ಕಟ್ಟಿದೆ. ಕೆಂಪು, ನೀಲಿ, ಹಸಿರು, ಬಿಳಿ. ನಾಲ್ಕನ್ನೂ ಎರಡು ಕೈಯಲ್ಲಿ ಹಿಡಿದು ಅವಳ ಮುಂದೆ ನಿಂತೆ. ಹೊಸ ಪೆಟ್ಟಿಗೆ ಸಿದ್ಧವಾಗುವವರೆಗೆ ಇವು ನಿನ್ನ ಹತ್ತಿರವೇ ಇರಲಿ, ಯಾರು ಕೇಳಿದರೂ ಕೊಡಬೇಡ, ನಾನು ಕೇಳಿದರೂ ಕೊಡಬೇಡ ಎಂದೆ. ಅವಳು ಒಂದು ನಿಮಿಷ ದಾರಗಳನ್ನೇ ನೋಡಿದಳು. ಏಪ್ರನ್ ಬಿಚ್ಚಿ ಮಡಿಲಲ್ಲಿ ಹರಡಿ, ಡಿಸ್ಕುಗಳನ್ನು ಅದರಲ್ಲಿಟ್ಟು ಸುತ್ತಿಕೊಂಡಳು.

"ನಾಲ್ಕು" ಎಂದಳು. ಐದು ವರ್ಷದಲ್ಲಿ ಅವಳು ನನಗೆ ಹೇಳಿದ ಮೊದಲ ಮಾತು ಅದು.

ಹೊಸ ಪೆಟ್ಟಿಗೆಯ ಮೊದಲ ಗೂಡಿಗೆ ನನ್ನ ಅಂಗಡಿಯಿಂದ ತಂದಿದ್ದ ಖಾಲಿ ಡಿಸ್ಕನ್ನು ತಳ್ಳಿದೆ. ಉಳಿದ ಗೂಡುಗಳಿಗೆ ಪೆಟ್ಟಿಗೆಯ ಜೊತೆ ಬಂದಿದ್ದ ಡಿಸ್ಕ್ ಕೂರಿಸುವ ಖಾಲಿ ತಟ್ಟೆಗಳನ್ನು ಹಾಕಿದೆ. ಹೊರಗಿನಿಂದ ಡಿಸ್ಕಿರುವ ತಟ್ಟೆಗೂ ಇಲ್ಲದ ತಟ್ಟೆಗೂ ವ್ಯತ್ಯಾಸ ಕಾಣುವುದಿಲ್ಲ. ಮುಂದಿನ ಜಾಲರಿ ಬಾಗಿಲು ಮುಚ್ಚಿ ಬೀಗ ಹಾಕಿ, ಕೀಲಿ ಜೇಬಿಗೆ ಹಾಕಿಕೊಂಡೆ. ನೋಡಿದವರಿಗೆ, ಎಲ್ಲ ಡಿಸ್ಕುಗಳೂ ಒಳಗೇ ಇವೆ ಅನ್ನಿಸಬೇಕು.

ಹತ್ತು ಗಂಟೆಗೆ ದೊಡ್ಡ ಡಾಕ್ಟರಮ್ಮನನ್ನು ಕರೆದುಕೊಂಡು ಭಾವ ಬಂದ. ಡಾಕ್ಟರಮ್ಮ ಗಿಡ್ಡಗೆ, ಮಾತು ಕಡಿಮೆ, ಕೈಯಲ್ಲಿ ಒಂದು ನೋಟ್‌ಬುಕ್. ಪ್ರತಿ ಇದೆಯಾ ಎಂದು ಕೇಳಿದರು. ಎಲ್ಲಾ ಪಕ್ಕಾ ಮೇಡಂ, ನಾನೇ ನೋಡಿದೀನಿ ಎಂದ ಭಾವ, ಕಣ್ಣು ಕೂಡ ಮಿಟುಕಿಸದೆ. ಆಮೇಲೆ ಜಾಲರಿಯ ಕಡೆ ನೋಡಿ, ಎಕ್ಸ್-ರೇ ಡಿಸ್ಕುಗಳನ್ನು ಆಗಲೇ ಹೊಸದಕ್ಕೆ ಹಾಕಿದೆಯಾ ಎಂದ. ಭಾವ, ಮೊದಲ ಗೂಡಿನಿಂದಲೇ ಶುರು, ಹೋದ ಸಲದ ಹಾಗೇ ಎಂದೆ. ಇದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಕ್ಕ ಮೂಲೆಯಲ್ಲಿ ಏಪ್ರನ್ನಿನ ಗಂಟನ್ನು ಇನ್ನಷ್ಟು ಬಿಗಿ ಹಿಡಿದಳು.

ನಾನು ಚೀಲಕ್ಕೆ ಕೈ ಹಾಕಿ ಹಳದಿ ಪೆನ್‌ಡ್ರೈವ್ ತೆಗೆದೆ. ದೀಪದ ಕೆಳಗೆ ಎಲ್ಲರಿಗೂ ಕಾಣುವ ಹಾಗೆ ಹಿಡಿದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಭಾವನ ಕೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಯಿತು. ಮುಖದಲ್ಲಿದ್ದ ನಗು ಹಾಗೇ ಉಳಿಯಿತು, ಬಣ್ಣ ಮಾತ್ರ ಇಳಿಯಿತು. ಇದೆಲ್ಲಿ ಸಿಕ್ತು ಎಂದ. ಅಮ್ಮ ಕೊಟ್ಟಳು ಎಂದೆ. ಈ ಗಳಿಗೆಗಾಗಿ ನಾನು ಐದು ವರ್ಷ ಹಲ್ಲು ಕಚ್ಚಿಕೊಂಡು ಕಾದಿದ್ದೆ. ಸುಳ್ಳು ಯಾಕೆ ಹೇಳಲಿ, ಅವನ ಹಣೆಯ ಬೆವರು ನೋಡಿ ನನಗೆ ಹಾಲು ಕುಡಿದಷ್ಟು ಹಿತವಾಯಿತು.

ಆದರೂ ಅವನಿಗೆ ನಿಜ ಹೇಳಲು ಒಂದು ಬಾಗಿಲು ತೆರೆದಿಟ್ಟಿದ್ದೆ. ಯಂತ್ರ ಕೇಳದ್ದನ್ನು ನಾನು ಕೇಳಬೇಕೆಂದು ಮೊದಲೇ ನಿರ್ಧರಿಸಿದ್ದೆ.

"ಭಾವ, ಇದನ್ನ ಹಾಕಲಾ?"

ಅವನು ಡಾಕ್ಟರಮ್ಮನ ಮುಖ ನೋಡಿದ. ಬೇರೆ ಹೊಸದು ಇದ್ದರೆ ಒಳ್ಳೆಯದಿತ್ತು, ಇದು ಹಳೆಯದಾಯಿತು ಎಂದು ಗೊಣಗಿದ. ಬೇರೆ ಯಾಕೆ ಭಾವ, ಇದು ನಿಮ್ಮದೇ, ಹೋದ ಸಲ ಕೆಲಸ ಮಾಡಿದ್ದೂ ಇದೇ ಎಂದೆ. ಪೆನ್‌ಡ್ರೈವ್ ಸಿಕ್ಕಿಸಿದೆ.

"ಇದು ಅಳಿಸೋ ಮೊದಲು ಕೇಳುತ್ತೆ ಅಲ್ವಾ? ನೀವೇ ಹೇಳಿದ್ರಿ."

ಬಾಯಲ್ಲಿ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಕೇಳಲ್ಲ ಎಂದರೆ ಐದು ವರ್ಷದ ಸುಳ್ಳು ಬಯಲು. ಕೇಳುತ್ತೆ ಎಂದರೆ ನಾಲ್ಕು ತಿಂಗಳ ಎಕ್ಸ್-ರೇ ಬೂದಿ, ಅವನ ಲೆಕ್ಕದಲ್ಲಿ. ಅವನು ಕರವಸ್ತ್ರ ತೆಗೆದು ಕನ್ನಡಕ ಒರೆಸಿದ. ಡಾಕ್ಟರಮ್ಮ ನೋಟ್‌ಬುಕ್ಕಿನಿಂದ ತಲೆಯೆತ್ತಿ, ಕೇಳುತ್ತೋ ಇಲ್ಲವೋ ಎಂದರು.

"ಕೇಳುತ್ತೆ, ಮೇಡಂ" ಎಂದ ಭಾವ. "ಎಲ್ಲಾನೂ ಕೇಳುತ್ತೆ."

ನನ್ನ ಬೆರಳು ಗುಂಡಿಯ ಮೇಲಿತ್ತು. ನಿಜ ಹೇಳುತ್ತೇನೆ, ಆ ಉತ್ತರವನ್ನು ನಾನು ಎಣಿಸಿರಲಿಲ್ಲ. ರಾತ್ರಿಗಳಲ್ಲಿ ಮಲಗಿಕೊಂಡು ನಾನು ಕಟ್ಟಿದ್ದ ನಾಟಕದಲ್ಲಿ ಅವನು ಇಲ್ಲಿ ಕಿರುಚುತ್ತಿದ್ದ, ನಿಲ್ಲಿಸು ಎಂದು ನನ್ನ ಕೈ ಹಿಡಿಯುತ್ತಿದ್ದ, ಅಲ್ಲಿಗೆ ಅವನ ಕಥೆ ಮುಗಿಯುತ್ತಿತ್ತು. ಎಷ್ಟೆಂದರೂ ಮನುಷ್ಯ, ಅಷ್ಟು ಜನರ ಮೂಳೆ ಮುರಿದ ಚಿತ್ರಗಳು ಅಳಿಸಿಹೋಗುವಾಗ ಸುಮ್ಮನಿರುತ್ತಾನೆಯೇ ಎಂದುಕೊಂಡಿದ್ದೆ. ನನ್ನ ಸೇಡಿಗಿಂತ ಅವನ ಹೇಡಿತನವೇ ದೊಡ್ಡದಿತ್ತು. ಮೂರನೇ ಸಲ ಕೇಳಿದೆ, ಅವನ ಕಣ್ಣನ್ನೇ ನೋಡುತ್ತ.

"ಗುಂಡಿ ಒತ್ತಲಾ ಭಾವ?"

"ಒತ್ತು" ಎಂದ. ದನಿ ಹೊರಗೆ ಬರಲಿಲ್ಲ, ತುಟಿ ಮಾತ್ರ ಆಡಿತು. ನಾನು ಒತ್ತಿದೆ.

ಏಳು ನಿಮಿಷ ಕಾದೆವು. ಪೆಟ್ಟಿಗೆಯ ಫ್ಯಾನುಗಳು ಜೋರಾಗಿ ಕೂಗಿ ತಣ್ಣಗಾದವು. ಪರದೆಯ ಮೇಲೆ ಸಾಲುಗಳು ಓಡಿದವು. ಭಾವ ಪರದೆಯನ್ನು ನೋಡಲಿಲ್ಲ, ಬಾಗಿಲನ್ನು ನೋಡುತ್ತಿದ್ದ. ಅಕ್ಕನೂ ಪರದೆಯನ್ನು ನೋಡಲಿಲ್ಲ. ಅವಳು ಗಂಡನ ಮುಖವನ್ನು ನೋಡುತ್ತಿದ್ದಳು. ಎಕ್ಸ್-ರೇ ಫಲಕವನ್ನು ಬೆಳಕಿಗೆ ಹಿಡಿದು ಕೂದಲೆಳೆಯ ಬಿರುಕು ಹುಡುಕುವಾಗ ಅವಳ ಹುಬ್ಬು ಹೀಗೇ ಗಂಟಾಗುತ್ತದೆ.

ಪ್ರಶ್ನೆ ಬರಲೇ ಇಲ್ಲ. ಯಾವ ಡಿಸ್ಕ್ ಎಂದು ಕೇಳಲಿಲ್ಲ, ಆಗಬಹುದಾ ಎಂದು ಕೇಳಲಿಲ್ಲ. ಶೇಕಡಾ ಹತ್ತು, ಮೂವತ್ತು, ಅರವತ್ತು. ಅರವತ್ತು ಬಂದಾಗ ನನಗೆ ಐದು ವರ್ಷದ ಹಿಂದಿನ ಉಗ್ರಾಣದ ಬಾಗಿಲು, ಕೈಯಲ್ಲಿದ್ದ ಕೇಬಲ್ ನೆನಪಾಗಿ ಕಣ್ಣು ತುಂಬಿತು. ನೂರಾಯಿತು. ಆಗ ಭಾವನಿಗೆ ದನಿ ಬಂತು.

"ಮೇಡಂ, ನಾನು ಆಗಲೇ ಹೇಳಿದ್ದೆ, ಇವಳ ಕೈಗೆ ಕೊಡೋದು ಬೇಡ ಅಂತ. ನೋಡಿ, ಏನು ಒತ್ತಿದಳೋ ಏನೋ, ಮತ್ತೆ ಎಕ್ಸ್-ರೇ ಎಲ್ಲಾ ಹೋಯ್ತು."

ಪರದೆ ಒಂದು ಮಾತೂ ಹೇಳಿರಲಿಲ್ಲ, ಯಾವ ಡಿಸ್ಕ್ ಅಳಿಸಿತೆಂದು ತೋರಿಸಿಯೂ ಇರಲಿಲ್ಲ. ಆದರೆ ಏನು ಹೋಯಿತೆಂದು ಅವನಿಗೆ ಗೊತ್ತಿತ್ತು. ನಾನು ಬಾಯಿ ತೆರೆಯಬೇಕಾಗಲಿಲ್ಲ. ಮೂಲೆಯಲ್ಲಿ ಕುರ್ಚಿ ಕಿರುಗುಟ್ಟಿತು. ಅಕ್ಕ ಎದ್ದು ಬಂದು, ಸೀಸದ ಏಪ್ರನ್ನಿನ ಗಂಟನ್ನು ಅವನ ಮುಂದೆ ಮೇಜಿನ ಮೇಲಿಟ್ಟು ಬಿಚ್ಚಿದಳು. ಕೆಂಪು, ನೀಲಿ, ಹಸಿರು, ಬಿಳಿ. ಅವನು ಅವುಗಳನ್ನು ನೋಡಿದ, ಜಾಲರಿ ಬಾಗಿಲನ್ನು ನೋಡಿದ, ಮತ್ತೆ ಅವುಗಳನ್ನು ನೋಡಿದ.

"ಅದು ಕೇಳಲಿಲ್ಲ" ಎಂದಳು ಅಕ್ಕ. "ನಿಮಗೆ ಗೊತ್ತಿತ್ತು. ನೀವು ಹೇಳಲಿಲ್ಲ."

ಅವನು ಏನೇನೋ ಹೇಳಲು ಹೋದ. ಮರೆತಿತ್ತು ಎಂದ, ಗಡಿಬಿಡಿ ಎಂದ, ಮನೆಗೆ ಹೋಗಿ ಮಾತಾಡೋಣ ಎಂದ. ಡಾಕ್ಟರಮ್ಮ ಅವನ ಮಾತು ಕೇಳಿಸಿಕೊಳ್ಳದೆ ನನ್ನ ಕಡೆ ತಿರುಗಿ, ಆ ಪೆನ್‌ಡ್ರೈವ್‌ನಲ್ಲಿ ಏನಿದೆ ತೋರಿಸು ಎಂದರು. ನಾನು ಲ್ಯಾಪ್‌ಟಾಪಿನಲ್ಲಿ ಕಡತ ತೆರೆದು ತೋರಿಸಿದೆ. ಮೊದಲಕ್ಷರ, ದಿನಾಂಕ, ಮೂರು ಸಾಲು. ಅವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಪ್ರತಿ ಯಾವಾಗ ತೆಗೆದದ್ದು ಎಂದು ಕೇಳಿದರು, ನಾಲ್ಕು ತಿಂಗಳ ಹಿಂದೆ ಎಂದೆ, ಅದನ್ನೂ ಬರೆದುಕೊಂಡರು. ಹಳದಿಯನ್ನು ಒಂದು ಲಕೋಟೆಗೆ ಹಾಕಿ ಅಂಟಿಸಿ ತಮ್ಮ ಕೋಟಿನ ಜೇಬಿನಲ್ಲಿಟ್ಟುಕೊಂಡರು. ನನ್ನ ಹಳೆಯ ತಪ್ಪೊಪ್ಪಿಗೆ ಪತ್ರವನ್ನು ನಾಳೆ ಕಡತದಿಂದ ತೆಗೆಸುತ್ತೇನೆ, ಬೇರೊಬ್ಬರ ಪತ್ರಕ್ಕೆ ಜಾಗ ಬೇಕು ಎಂದು ಹೇಳಿ ಹೋದರು.

ಭಾವನಿಗೆ ಹೋಗು ಎಂದು ಯಾರೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಬಾಗಿಲ ಹತ್ತಿರ ನಿಂತೇ ಇದ್ದ. ಅವನಿಗೆ ಹೇಳಬೇಕೆಂದು ಐದು ವರ್ಷ ಕೂಡಿಟ್ಟಿದ್ದ ಬೈಗುಳಗಳು ನನ್ನ ಬಳಿ ಒಂದು ಮೂಟೆ ಇದ್ದವು. ಒಂದೂ ಬೇಕಾಗಲಿಲ್ಲ. ನಿಂತಿರಲಿ, ನೋಡಲಿ, ಎಂದುಕೊಂಡು ಚೀಲದಿಂದ ನನ್ನದೇ ಪೆನ್‌ಡ್ರೈವ್ ತೆಗೆದು ಸಿಕ್ಕಿಸಿ ಪೆಟ್ಟಿಗೆಯನ್ನು ಮತ್ತೆ ಚಾಲೂ ಮಾಡಿದೆ.

ಅಕ್ಕ ಮೂರು ಗಾಲಿಯ ಕುರ್ಚಿಯನ್ನು ಎಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳು. ಮಡಿಲಲ್ಲಿ ಮತ್ತೆ ಅದೇ ಗಂಟು. ಪೆಟ್ಟಿಗೆ ಎಚ್ಚರವಾಗಲು ಮತ್ತೆ ಏಳು ನಿಮಿಷ. ನಾನು ಗೆದ್ದಿದ್ದೆ, ಗೆದ್ದದ್ದರಲ್ಲಿ ಅವಳ ಮನೆಯೂ ಮುರಿದಿತ್ತು. ಅದಕ್ಕೆ ಅವಳ ಕ್ಷಮೆ ಕೇಳೋಣ ಎನ್ನುವಷ್ಟರಲ್ಲಿ ಅವಳೇ ಕೇಳಿದಳು.

"ನಿನ್ನ ಮನೇಲಿ ಇನ್ನಿಬ್ಬರಿಗೆ ಹಾಸಿಗೆ ಇದೆಯೇನೇ? ನನಗೆ, ಅಮ್ಮನಿಗೆ."

"ಇದೆ" ಎಂದೆ.

ಪರದೆಯ ಮೇಲೆ ಪ್ರಶ್ನೆ ಬಂತು. ಬಾಗಿಲ ಹತ್ತಿರ ನಿಂತವನಿಗೂ ಕೇಳಿಸಲಿ ಎಂದು ನಾನು ಅದನ್ನು ಗಟ್ಟಿಯಾಗಿ ಓದಿದೆ. ಈ ಡಿಸ್ಕಿನ ಮೇಲಿರುವುದೆಲ್ಲ ಅಳಿಸಿಹೋಗುತ್ತದೆ, ಮತ್ತೆ ಸಿಗುವುದಿಲ್ಲ, ಆಗಬಹುದಾ? ಅಕ್ಕ ಗಂಟಿನ ಮೇಲೆ ಕೈಯಿಟ್ಟು ಒಳಗಿನ ನಾಲ್ಕನ್ನೂ ಬೆರಳಿನಿಂದ ಮತ್ತೊಮ್ಮೆ ಎಣಿಸಿದಳು. ಆಮೇಲೆ ಅವನ ಕಡೆ ತಿರುಗಿಯೂ ನೋಡದೆ ಹೇಳಿದಳು.

"ಹೂಂ, ಅಳಿಸು."